ಕುದುರಿ ಪಿಚ್ಚರಿನ ಕೊನೆಯ ಡಬ್ಬಿ

ನನಗೊಂದು ಚಾಳಿ ಇದೆ. ಹೆಂಡತಿ ಅದನ್ನು ರೋಗ ಎನ್ನುತ್ತಾಳೆ. ಕುದುರೆ, ಟೋಪಿ, ಬಂದೂಕುಗಳ ಹಳೆಯ ಇಂಗ್ಲಿಷ್ ಸಿನಿಮಾ ನೋಡಲು ಕೂತರೆ, ಕೊನೆಯ ಭಾಗ ಬರುವ ಮೊದಲೇ ಎದ್ದು ಹೊರಗೆ ಬಂದುಬಿಡುತ್ತೇನೆ. ಹಿಂದಿ ಸಿನಿಮಾ ಆದರೆ ಪರದೆ ಬೆಳ್ಳಗಾಗುವವರೆಗೆ ಕೂತಿರುತ್ತೇನೆ. ಕನ್ನಡದ್ದಾದರೆ ಹೇಳುವುದೇ ಬೇಡ, ನಾಯಕನ ಮದುವೆ ಮುಗಿಸಿಯೇ ಏಳುವುದು. ಇದೊಂದು ಜಾತಿಯ ಸಿನಿಮಾಕ್ಕೆ ಮಾತ್ರ ಕಾಲು ನನ್ನ ಮಾತು ಕೇಳುವುದಿಲ್ಲ. ಮೊನ್ನೆ ಪಕ್ಕದ ಮನೆಯವರು ವಿಡಿಯೋ ಬಾಡಿಗೆಗೆ ತಂದು ನಮ್ಮನ್ನೂ ಕರೆದಿದ್ದರು. ಅಲ್ಲಿಯೂ ಅದೇ ಆಯಿತು.

"ಅಖೇರಿ ನೋಡದ ಎದ್ದು ಬರೋದಾದ್ರ ಮೊದಲು ಯಾಕ ಹೋಗಿ ಕುಂದರ್ತೀರಿ? ಅವರೇನು ತಿಳ್ಕೋಬೇಕು?" ಎಂದಳು ಹೆಂಡತಿ.

"ಅವ ಇನ್ನಾ ಜೀವಂತ ಇದ್ದಾಗ ಎದ್ದು ಬರೋದು ಛಲೋ," ಎಂದೆ.

ಆಕೆ ನನ್ನನ್ನು ಒಮ್ಮೆ ನೋಡಿ ಬಾಗಿಲ ಬೀಗ ತೆಗೆದಳು. ಓದಿದ ಗಂಡನನ್ನು ಕಟ್ಟಿಕೊಂಡವರಿಗೆ ಇಂಥ ಮಾತು ಅಭ್ಯಾಸವಾಗಿರುತ್ತದೆ.

ಓದಿದವನು ಎಂದೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಎಲ್ಲರೂ ಹೆಬ್ಬೆಟ್ಟಿನವರು. ಅಪ್ಪ, ಕಾಕಾ, ಅಜ್ಜ, ಎಲ್ಲರೂ ಶಹಾಬಾದಿನ ಖಣಿಗಳಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸಿದವರು. ನಾನು ಪ್ಯಾಸೆಂಜರ್ ಗಾಡಿಯಲ್ಲಿ ನಿಂತು ಗುಲಬರ್ಗಾಕ್ಕೆ ಹೋಗಿ, ನಿಂತೇ ತಿರುಗಿ ಬಂದು, ಬಿ.ಎ. ಮಾಡಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ವಿನಯ ಕಲಿಯಲು ಆಗ ಪುರುಸೊತ್ತು ಇರಲಿಲ್ಲ, ಈಗ ಕಲಿತರೆ ನಂಬುವವರಿಲ್ಲ.

ಈ ಸಿನಿಮಾಗಳಿಗೆ ನಮ್ಮಲ್ಲಿ ಕುದುರಿ ಪಿಚ್ಚರ್ ಎಂದೇ ಹೆಸರು. ಬೇರೆ ಹೆಸರು ಇರಲು ಸಾಧ್ಯವೂ ಇರಲಿಲ್ಲ. ದೊಡ್ಡ ದೊಡ್ಡ ಕುದುರೆ ಸಿನಿಮಾಗಳು, ಸಾವಿರ ದನ ಓಡುವಂಥವು, ಊರಿಗೆ ಊರೇ ಉರಿಯುವಂಥವು, ಹೈದರಾಬಾದು ಸೋಲಾಪುರಗಳಲ್ಲೇ ಉಳಿಯುತ್ತಿದ್ದವು. ನಮ್ಮ ಟಾಕೀಜಿಗೆ ಬರುತ್ತಿದ್ದವು ಬಡಕಲು ಸಿನಿಮಾಗಳು. ಮೊದಲ ಡಬ್ಬಿಯ, ಅಂದರೆ ಮೊದಲ ರೀಲಿನ, ಆರಂಭ ಹರಿದು ಹೋಗಿರುತ್ತಿದ್ದುದರಿಂದ ಹೆಸರೇ ಕಾಣುತ್ತಿರಲಿಲ್ಲ. ಪರದೆ ಬೆಳಗಿದ ಕೂಡಲೇ ಒಬ್ಬ ಮನುಷ್ಯ ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿರುತ್ತಿದ್ದ. ಒಂದು ಕುದುರೆ, ಒಂದು ಮನೆ, ಅಲ್ಲೊಂದು ಇಲ್ಲೊಂದು ಮಾತು. ಹಾಡಿಲ್ಲ, ಕುಣಿತವಿಲ್ಲ. ನಾನು ಮನಸಾರೆ ಮೆಚ್ಚಿದ ಸಿನಿಮಾಗಳಲ್ಲಿ ಒಂದರ ಹೆಸರನ್ನೂ ನಾನು ಹೇಳಲಾರೆ.

ಏನು ಮೆಚ್ಚಿದೆ ಎಂದರೆ, ಅಲ್ಲಿ ಮನುಷ್ಯನಿಗೆ ಪುರುಸೊತ್ತಿತ್ತು. ಅವನು ಬಂದು ಕುದುರೆ ಕಟ್ಟುತ್ತಿದ್ದ. ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಿದ್ದ. ಬಂದ ದಾರಿಯನ್ನು ತಿರುಗಿ ನೋಡುತ್ತಿದ್ದ. ಅವನ ತಲೆಯೊಳಗೆ ಏನೋ ಓಡುತ್ತಿರುವುದು ನಮಗೆ ಕಾಣುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಹಿಂದಿ ಸಿನಿಮಾದಲ್ಲಿ ಮನುಷ್ಯ ಹೀಗೆ ಸುಮ್ಮನೆ ನಿಂತರೆ ಹಾಡು ಬಂದು ಅವನ ಮನಸ್ಸನ್ನು ಬಯಲು ಮಾಡಿಬಿಡುತ್ತದೆ. ಇಲ್ಲಿ ಅಂಥ ದಾಕ್ಷಿಣ್ಯವಿಲ್ಲ. ನಮ್ಮ ಖಣಿಯ ಗಂಡಸರೂ ಹಾಗೇ ಇದ್ದರು. ಸಂಜೆ ಮೈತುಂಬ ಬಿಳಿ ಧೂಳು ಹೊತ್ತು ಬಂದು ಕಟ್ಟೆಯ ಮೇಲೆ ಕೂತರೆ, ಅವರು ಏನು ಯೋಚಿಸುತ್ತಿದ್ದಾರೆಂದು ಹೆಂಡತಿಯೂ ಕೇಳುತ್ತಿರಲಿಲ್ಲ.

ಆಟ ಮಧ್ಯಾಹ್ನದ್ದು. ಕಲ್ಲಿನ ಗೋಡೆ, ತಗಡಿನ ಮಾಡು, ಕಿಟಕಿಗಳಿಗೆ ಕರಿ ಬಟ್ಟೆ, ಕೆಳಗೆ ನಮ್ಮದೇ ಫರಸಿಯ ತಂಪು ನೆಲ. ಅರ್ಧ ಜನ ಮಲಗಲೆಂದೇ ಬರುತ್ತಿದ್ದರು. ತಗಡಿನಲ್ಲಿ ಅಲ್ಲಲ್ಲಿ ಮೊಳೆಯ ತೂತು. ಅವುಗಳಿಂದ ಇಳಿದ ಬಿಸಿಲಿನ ಬೊಟ್ಟುಗಳು ಜನರ ತಲೆಯ ಮೇಲೆ ಮೆಲ್ಲಗೆ ಸರಿಯುತ್ತಿದ್ದವು. ಒಂದು ಬೊಟ್ಟು ಮಾತ್ರ ಪರದೆಯ ಮೇಲೆಯೇ ಬೀಳುತ್ತಿತ್ತು. ಸವಾರ ಅಲ್ಲಿಯ ಬಯಲಿನಲ್ಲಿ ಹೋಗುತ್ತಿದ್ದರೆ, ಅವನ ಹಿಂದೆ ನಮ್ಮ ಊರಿನ ಬಿಸಿಲು ಒಂದು ಹುಳದ ಹಾಗೆ ತೆವಳುತ್ತಿತ್ತು. ಅದು ಅವನನ್ನು ಮುಟ್ಟಿದಾಗ ನನಗೆ ಕತ್ತಿನ ಹಿಂದೆ ತಣ್ಣಗಾಗುತ್ತಿತ್ತು. ಯಾಕೆಂದು ತರ್ಕಶಾಸ್ತ್ರ ಓದಿದ ಮೇಲೂ ತಿಳಿದಿಲ್ಲ.

ನನ್ನ ಜೊತೆ ಬರುತ್ತಿದ್ದವಳು ಆಯಿ, ಅಪ್ಪನ ತಾಯಿ. ಹೆಂಗಸರ ಜಾಗಕ್ಕೂ ಗಂಡಸರ ಜಾಗಕ್ಕೂ ನಡುವೆ ಎದೆಮಟ್ಟದ ಗೋಡೆ. ಆಯಿ ಗೋಡೆಯ ಆ ಕಡೆ ಕೂತು, ಈ ಕಡೆ ಕೂತ ನನ್ನ ಭುಜವನ್ನು ಕೋಲಿನಿಂದ ತಿವಿಯುತ್ತಿದ್ದಳು.

"ಏನಂದಾ ಅವ?"

"ಹೋಗ್ತೀನಿ ಅಂದಾ, ಆಯಿ."

"ಅಷ್ಟುದ್ದ ಮಾತಾಡ್ಯಾನ. ಹೋಗ್ತೀನಿ ಅಂಬೋದಕ್ಕ ಅಷ್ಟು ಬೇಕಾ? ನಿನ್ನ ಕಾಲೇಜದಾಗ ಇಷ್ಟಾ ಕಲಿಸ್ಯಾರೇನು?"

ಸುತ್ತಲಿನವರು ನಗುತ್ತಿದ್ದರು. ಅವರಿಗೆ ನಾನು ಇಂಗ್ಲಿಷು ಬಲ್ಲವನು. ನನ್ನ ಇಂಗ್ಲಿಷೋ, ಗೈಡಿನಿಂದ ಬಂದದ್ದು. ಆ ಸವಾರರು ಮಾತನ್ನು ಎಲೆಅಡಿಕೆಯ ಹಾಗೆ ದವಡೆಯಲ್ಲಿಟ್ಟು ಆಡುವವರು. ಯೆಸ್, ನೋ, ವಾಟರ್, ಇವು ಮೂರು ನನ್ನ ಕಿವಿಗೆ ಖಾತ್ರಿಯಾಗಿ ಸಿಗುತ್ತಿದ್ದವು. ಉಳಿದದ್ದನ್ನು ಮುಖ ನೋಡಿ ಹೇಳುತ್ತಿದ್ದೆ.

ಆಯಿ ಮೊದಲು ಬರುತ್ತಿದ್ದುದು ತಂಪಿಗೆ. ಆಮೇಲೆ ಬರತೊಡಗಿದ್ದು ಬೇರೆ ಕಾರಣಕ್ಕೆ. ಅದನ್ನು ಹೇಳಬೇಕಾದರೆ ಕಲ್ಲಪ್ಪ ಕಾಕಾನನ್ನು ಕರೆಯಬೇಕು.

ಕಲ್ಲಪ್ಪ ಕಾಕಾ ಆಯಿಯ ಕೊನೆಯ ಮಗ. ಮಾತು ಕಡಿಮೆ, ಥೇಟ್ ಕುದುರಿ ಪಿಚ್ಚರಿನವನು. ಖಣಿಯಿಂದ ಬಂದವನು ಚರಿಗೆಯಲ್ಲಿ ನೀರು ಕುಡಿದು, ಕೊನೆಯ ಹನಿಗಳನ್ನು ಝಾಡಿಸಿ, ಚರಿಗೆಯನ್ನು ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದ. ಖಣಿಯಲ್ಲಿ ಎಲ್ಲರೂ ಹಾಗೇ ಇಡುವುದು, ಇಲ್ಲವಾದರೆ ಕಲ್ಲಿನ ಪುಡಿ ಒಳಗೆ ಕೂಡುತ್ತದೆ. ಆಯಿಗೆ ಅದು ಆಗುತ್ತಿರಲಿಲ್ಲ.

"ಮನ್ಯಾಗ ಯಾರರೆ ಸತ್ತಾರೇನೋ ಬೋರಲು ಹಾಕಾಕ? ನೆಟ್ಟಗ ಇಡೋ ಕಲ್ಲ್ಯಾ."

ಅವನು ನಕ್ಕು ಹಾಗೇ ಬಿಡುತ್ತಿದ್ದ. ಆಯಿ ಗೊಣಗುತ್ತ ಎದ್ದು ನೆಟ್ಟಗೆ ಇಡುತ್ತಿದ್ದಳು. ದಿನಾ ನಡೆಯುವ ಜಗಳ. ಅದು ಜಗಳವೂ ಅಲ್ಲ.

ಒಂದು ವರ್ಷ ಖಣಿಯಲ್ಲಿ ನೀರು ನಿಂತು ಕೆಲಸ ಕಡಿಮೆಯಾಯಿತು. ಕಾಕಾ ಚಿಂಚೋಳಿಯ ಆಚೆ ಕುಂಚಾವರಂ ಅಡವಿಗೆ ಕಟ್ಟಿಗೆ ಕಡಿಯುವ ಗುತ್ತಿಗೆಯವರ ಜೊತೆ ಹೋದ. ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಹೋದವನ ಸುದ್ದಿ ಬಹಳ ದಿನ ಬರಲಿಲ್ಲ. ಕೊನೆಗೆ ಬಂದದ್ದು ಒಬ್ಬ ಲಾರಿ ಡ್ರೈವರನ ಬಾಯಲ್ಲಿ. ಅವನು ಬಾಗಿಲಲ್ಲೇ ನಿಂತು, ಕಾಕಾ ಚಳಿಜ್ವರದಿಂದ ಹೋದನೆಂದೂ ಅಲ್ಲೇ ಮಣ್ಣು ಮಾಡಿದರೆಂದೂ ಹೇಳಿದ.

ಆಯಿ ಅವನನ್ನು ಕೇಳಿದಳು. "ನೀ ಮಾರಿ ನೋಡೀಯೇನಪಾ?"

"ಇಲ್ಲಬೇ. ಅಡವ್ಯಾಗಿನ ತೆಲುಗು ಮಂದಿ ಹೇಳಿದ್ರು."

"ಹಂಗಾದ್ರ ಕಾಗಿ ಮುಟ್ಟೇದ," ಎಂದಳು ಆಯಿ. ಅವನಿಗೆ ಚಹಾ ಕೊಟ್ಟು ಕಳಿಸಿದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಗೆ ಬಂದು ತಲೆಗೆ ಬಡಿದರೆ ಅದು ಸಾವಿನ ಸೂಚನೆ. ಅದನ್ನು ಕಳೆಯುವ ದಾರಿ ಒಂದೇ. ದೂರದ ರಕ್ತಸಂಬಂಧಿಗಳಿಗೆ, ಇಂಥವನು ಸತ್ತ ಎಂದು ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅಳಬೇಕು. ಅತ್ತ ಮೇಲೆ, ಇಲ್ಲಪ್ಪ ಕಾಗೆ ಮುಟ್ಟಿತ್ತು, ಮನುಷ್ಯ ಗಟ್ಟಿ ಇದ್ದಾನೆ ಎಂದು ಹೇಳಿ ಕಳಿಸಬೇಕು. ಆ ಕಣ್ಣೀರಿನಲ್ಲಿ ಸಾವು ತೊಳೆದು ಹೋಗುತ್ತದೆ. ನಮ್ಮ ಮನೆಗೇ ಹೀಗೆ ಎರಡು ಸಲ ಸುದ್ದಿ ಬಂದು, ಹೆಂಗಸರು ಎದೆ ಬಡಿದುಕೊಂಡು ಅತ್ತು, ಆಮೇಲೆ ಅದೇ ಹೆಂಗಸರು ಬೈದು ನಕ್ಕದ್ದನ್ನು ನಾನು ಕಂಡಿದ್ದೇನೆ.

ಭಂಕೂರದಿಂದ ದೊಡ್ಡಪ್ಪ ಬಂದ, ಅಜ್ಜನ ಅಣ್ಣನ ಮಗ, ಮನೆತನದ ಹಿರಿಯ. ಕಾಕಾನ ಹೆಂಡತಿಯ ಬಳೆ ತೆಗೆಸಬೇಕು, ಸತ್ತವನ ದಿನಕರ್ಮ ಮಾಡಬೇಕು ಎಂದ.

"ಮಾಡ್ರಿ. ನಾಳೆ ಅವ ಬಂದು ನಿಂತ್ರ ಆ ಬಳಿ ನೀವೇ ಇಡಸ್ರಿ," ಎಂದಳು ಆಯಿ. ದೊಡ್ಡಪ್ಪ ಟೋಪಿ ಹಾಕಿಕೊಂಡು ಹೋದ. ಕಾಕಾನ ಹೆಂಡತಿ, ನಮ್ಮ ಕಾಕೂ, ಬಳೆಗಳಿಗೆ ಒಂದು ಅರಿವೆ ಸುತ್ತಿಕೊಂಡಳು, ಸಪ್ಪಳವಾಗದ ಹಾಗೆ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವಾಗ ಬಳೆ ಸಪ್ಪಳವಿಲ್ಲದೆ ಬರೀ ಕೈಯ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ಇವತ್ತಿಗೂ ನನ್ನನ್ನು ಹೆದರಿಸುತ್ತದೆ.

ಆದರೆ ಆಯಿ ತಾನೇ ಹೆಣೆದ ಬಲೆಯಲ್ಲಿ ಸಿಕ್ಕಿಬಿದ್ದಿದ್ದಳು. ಒಂದು ಮಧ್ಯಾಹ್ನ ಟಾಕೀಜಿನ ದಾರಿಯಲ್ಲಿ ಅದನ್ನು ನನಗೆ ಹೇಳಿದಳು.

"ಅಳಬೇಕು ತಮ್ಮಾ. ಅತ್ತರೆ ಕಾಗಿ ದೋಷ ಹೋಗ್ತದ, ಅವ ಬರ್ತಾನ. ಆದ್ರ ಸುಳ್ಳಂತ ಗೊತ್ತಾದ ಮ್ಯಾಲ ಅಳು ಹೆಂಗ ಬರಬೇಕು? ಉಳ್ಳಾಗಡ್ಡಿ ಹೆಚ್ಚಿ ಅತ್ತರೆ ನಡೀತದೇನು?"

ಬಿ.ಎ.ಯಲ್ಲಿ ಇದು ಇರಲಿಲ್ಲ.

"ಅದಕ್ಕ ಪಿಚ್ಚರಕ್ಕ ಬರ್ತೀನಿ," ಎಂದಳು ಆಯಿ. "ಅಲ್ಲಿ ಆ ಟೋಪಿಯವ ಸತ್ತರೆ ಅಳು ತಾನೇ ಬರ್ತದ. ಬಂದ ಅಳು ನಮ್ಮ ಕಲ್ಲ್ಯಾನ ಹೆಸರಿಗೆ ಬಿಡ್ತೀನಿ."

ಅವಳು ಅದನ್ನು ಎಷ್ಟು ಸಾದಾ ಹೇಳಿದಳೆಂದರೆ, ಒಂದು ಹೊಲದ ನೀರನ್ನು ಇನ್ನೊಂದು ಹೊಲಕ್ಕೆ ತಿರುಗಿಸುವ ಮಾತಿನ ಹಾಗೆ ಕೇಳಿಸಿತು. ಬಿಸಿಲು ನೆತ್ತಿಯ ಮೇಲಿತ್ತು. ಎರಡೂ ಕಡೆ ಒಟ್ಟಿದ ಫರಸಿ, ಜಾಲಿಗಿಡ, ಖಾಲಿ ರಸ್ತೆ. ನಾಯಿಯೂ ಇರಲಿಲ್ಲ. ಸವಾರನೊಬ್ಬ ಬರುವುದಷ್ಟೇ ಬಾಕಿ ಇತ್ತು.

ಅವತ್ತಿನ ಸಿನಿಮಾದ ಮನುಷ್ಯನಿಗೆ ವಯಸ್ಸಾಗಿತ್ತು. ಏನೋ ಮಾಡಬಾರದ್ದು ಮಾಡಿ ಊರು ಬಿಟ್ಟು ಬಂದವನು. ಅವನ ಬೆನ್ನು ಹತ್ತಿದವರು ಕಾಣುತ್ತಲೇ ಇರಲಿಲ್ಲ, ದೂರದ ಧೂಳು ಮಾತ್ರ ಕಾಣುತ್ತಿತ್ತು. ಅವನು ಓಡಲೂ ಇಲ್ಲ. ಕುದುರೆಗೆ ಸುಸ್ತಾದರೆ ಇಳಿದು ಜೊತೆಗೆ ನಡೆಯುತ್ತಿದ್ದ. ಕೊನೆಗೆ ಒಂದು ಗುಡ್ಡದ ಸಂದಿಯಲ್ಲಿ ಗುಂಡು ತಾಗಿ ಬಿದ್ದ. ಬಿದ್ದವನ ಟೋಪಿ ಉರುಳುತ್ತ ಹೋಗಿ ನಿಂತಿತು. ಗೋಡೆಯ ಆಚೆ ಆಯಿ ಅಳುತ್ತಿದ್ದಳು. ಸಣ್ಣ ದನಿಯಲ್ಲಿ, ಏನೋ ಒಪ್ಪಿಸುವವಳ ಹಾಗೆ.

ದೀಪ ಹತ್ತಿತು. ಟಾಕೀಜಿನಲ್ಲಿ ಮಷೀನು ಒಂದೇ ಇದ್ದುದರಿಂದ ಪ್ರತಿ ಡಬ್ಬಿಗೂ ಹೀಗೆ ಬಿಡುವು. ಸಿನಿಮಾ ಮುಗಿಯಿತೆಂದು ಕೆಲವರು ಎದ್ದರು. ಆದರೆ ಆಪರೇಟರ್ ಮೌಲಾ ಚಾಚಾ ಮತ್ತೆ ದೀಪ ಆರಿಸಿದ. ಪರದೆಯ ಮೇಲೆ ಬಯಲು ಕಂಡಿತು. ಅಲ್ಲಿ ಒಬ್ಬನೇ ಸವಾರ ಬರುತ್ತಿದ್ದ.

ಅವನೇ. ಸತ್ತವನು.

ಹಾಲಿನಲ್ಲಿ ಮಲಗಿದ್ದವರೂ ಎದ್ದು ಕೂತರು. ಅವನು ಒಂದು ಮನೆಯ ಮುಂದೆ ಕುದುರೆ ನಿಲ್ಲಿಸಿದ. ಬಾಗಿಲಲ್ಲಿ ಮುದುಕಿಯೊಬ್ಬಳು. ಅವನು ಒಂದೇ ಮಾತು ಆಡಿದ. ಭುಜಕ್ಕೆ ಕೋಲು ತಾಗುವ ಮೊದಲೇ ನಾನು ಹೇಳಿದೆ, ಅದು ನನಗೆ ಗೊತ್ತಿದ್ದ ಮಾತು.

"ನೀರು ಕೇಳಾಕತ್ತಾನ, ಆಯಿ."

ಮುದುಕಿ ತಗಡಿನ ಮಗ್ಗಿನಲ್ಲಿ ನೀರು ತಂದಳು. ಅವನು ಕುಡಿದ, ಹನಿ ಝಾಡಿಸಿದ, ಮಗ್ಗನ್ನು ಕಟ್ಟೆಯ ಮೇಲೆ ಬೋರಲು ಹಾಕಿದ. ನಮ್ಮ ಬಿಸಿಲಿನ ಬೊಟ್ಟು ಆ ಮಗ್ಗಿನ ಮೇಲೆಯೇ ಬಂದು ಕೂತಿತ್ತು. ಅವನು ಕುದುರೆ ಹತ್ತಿ ಹೋದ. ಸಿನಿಮಾ ಮುಗಿಯಿತು.

"ದೆವ್ವ ಆಗ್ಯಾನಲೇ," ಎಂದ ಹಿಂದಿನಿಂದ ಒಬ್ಬ.

ಆಯಿ ಎದ್ದು ನಿಂತಿದ್ದಳು. "ದೆವ್ವಲ್ಲೋ ಮಬ್ಬ. ಕಾಗಿ ಮುಟ್ಟಿತ್ತು ಅವಗ. ನಾ ಅತ್ತೆ, ಬಂದಾ."

ನಾನು ಓದಿದವನಲ್ಲವೇ, ನೇರ ಮೌಲಾ ಚಾಚಾನ ಕೋಣೆಗೆ ಹೋದೆ. ಅವನು ಬೆವರು ಒರೆಸಿಕೊಳ್ಳುತ್ತ ಡಬ್ಬಿ ತುಂಬುತ್ತಿದ್ದ.

"ಕ್ಯಾ ಕರ್ನಾ ಬಾಬಾ, ಡಬ್ಬಿ ಮ್ಯಾಲಿನ ನಂಬರು ಅಳಸಿ ಹೋಗ್ಯಾವ. ಅಖೇರಿದು ಮೊದಲು ಹಾಕ್ದೆ, ಅದರ ಮೊದಲಿಂದು ಆಮ್ಯಾಲ ಹಾಕ್ದೆ. ಮಾಲಕರಿಗೆ ಹೇಳಬ್ಯಾಡ್ರಿ."

ಮಾಲಕರಿಗೆ ಹೇಳಲಿಲ್ಲ. ಆಯಿಗೆ ಹೇಳಿದೆ, ಅವತ್ತೇ, ರಸ್ತೆಯ ಮೇಲೆಯೇ. ಸತ್ಯ ಹೇಳಬೇಕೆಂದು ಕಲಿತಿದ್ದೆ. ಅಲ್ಲದೆ ಮನೆಯಲ್ಲಿ ಅರಿವೆ ಸುತ್ತಿದ ಬಳೆಗಳಿದ್ದವು. ಹೀಗೆ ಎಷ್ಟು ದಿನ?

"ಆಯಿ, ಅವ ನೀರು ಕುಡದದ್ದು ಮೊದಲು. ಸತ್ತದ್ದು ಆಮ್ಯಾಲ. ಮೌಲಾ ಚಾಚಾ ತಪ್ಪಿ ಹಿಂದಮುಂದ ಹಾಕ್ಯಾನ."

ಆಯಿ ನಿಂತಳು. ಸಿಟ್ಟಾದಾಳೆಂದುಕೊಂಡೆ. ಅವಳು ಸೆರಗಿನಿಂದ ಬಿಸಿಲು ಮರೆ ಮಾಡಿಕೊಂಡು ನನ್ನ ಮುಖ ನೋಡಿದಳು.

"ಮೌಲಾ ತಪ್ಪಿ ಹಾಕ್ತಾನಂದ್ರ, ಮ್ಯಾಲಿನಾವ ಒಮ್ಮೆರೆ ತಪ್ಪಿ ಹಾಕಲಾರನೇನು?"

ಮನೆಗೆ ಬಂದು ಕಟ್ಟೆಯ ಮೇಲೆ ಒಂದು ಚರಿಗೆ ನೀರು ತುಂಬಿಟ್ಟಳು. ಅಂದಿನಿಂದ ದಿನಾ ಇಡುತ್ತಿದ್ದಳು.

ಮಟಮಟ ಮಧ್ಯಾಹ್ನದ ವಿಷಯ ನಿಮಗೆ ಗೊತ್ತಿರಬೇಕು. ಊರೆಲ್ಲ ಬಾಗಿಲು ಹಾಕಿಕೊಂಡ ಆ ಹೊತ್ತಿನಲ್ಲಿ ಹೊರಗಿನಿಂದ ಯಾರಾದರೂ ಒಮ್ಮೆ ಕರೆದರೆ ಓ ಎನ್ನಬಾರದು. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ. ಮನುಷ್ಯರಲ್ಲದವರು ಒಂದೇ ಸಲ ಕರೆಯುವುದು. ಇದನ್ನು ನನಗೆ ಕಲಿಸಿದವಳು ಆಯಿಯೇ.

ಪರೀಕ್ಷೆ ಹತ್ತಿರ ಬಂದಿತ್ತು. ನಾನು ಒಳಕೋಣೆಯಲ್ಲಿ ಓದುತ್ತಿದ್ದೆ. ಕಾಕೂ ಹಿತ್ತಲಲ್ಲಿ ಇದ್ದಳು. ಆಯಿ ಹೊರಬಾಗಿಲಲ್ಲಿ ಕೂತಿದ್ದಳು. ಯಾರೂ ಕರೆದದ್ದು ನನಗೆ ಕೇಳಲಿಲ್ಲ. ಆಯಿ ಓ ಎಂದದ್ದು ಕೇಳಿತು.

"ಓ... ಬಂದ್ಯಾ?"

ಕಟ್ಟೆಯ ಮೇಲೆ ಜಾಗ ಮಾಡಿದ ಹಾಗೆ ಅವಳ ಕೋಲು ಸರಿದ ಸಪ್ಪಳವಾಯಿತು.

"ಕುಂದ್ರು. ಎಷ್ಟು ಸಣ್ಣಾಗಿ. ನೀರು ಕುಡಿ ಮೊದಲು."

ಪುಸ್ತಕದ ಅದೇ ಸಾಲನ್ನು ನಾನು ಮತ್ತೆ ಮತ್ತೆ ಓದುತ್ತಿದ್ದೆ. ಹೊರಗೆ ಆಯಿ ಯಾರದೋ ಮಾತಿಗೆ ಹೂಂಗುಡುತ್ತಿದ್ದಳು. "ಹೂಂ... ಹೂಂ... ಆತು ಬಿಡು." ನಡುವೆ ಮಾತಿನಷ್ಟು ಜಾಗ ಖಾಲಿ ಇತ್ತು. ಬಳಿಕ ಕಲ್ಲಿನ ಮೇಲೆ ಹಿತ್ತಾಳೆ ತಾಗಿದ ಸಪ್ಪಳ.

ನಾನು ಹೋಗುವಷ್ಟರಲ್ಲಿ ಅಲ್ಲಿ ಆಯಿ ಒಬ್ಬಳೇ ಇದ್ದಳು. ರಸ್ತೆ ಆ ತುದಿಯವರೆಗೆ ಬೆಳ್ಳಗೆ ಖಾಲಿ. ಬಿಸಿಲಿಗೆ ಕಾದ ಫರಸಿಯ ಮೇಲೆ ಒದ್ದೆಯ ಗುರುತೊಂದು ನನ್ನ ಕಣ್ಣೆದುರೇ ಆರುತ್ತಿತ್ತು, ಪಾದದ್ದೋ ಚೆಲ್ಲಿದ ನೀರಿನದೋ ಹೇಳುವ ಮೊದಲೇ ಆರಿಹೋಯಿತು. ಕಟ್ಟೆಯ ಮೇಲೆ ಚರಿಗೆ ಬೋರಲು ಇತ್ತು.

ಆಯಿ ಅದನ್ನು ನೆಟ್ಟಗೆ ಇಡಲಿಲ್ಲ.

"ಶಾಂತಾ," ಎಂದು ಒಳಗೆ ನೋಡಿ ಕಾಕೂನ ಹೆಸರು ಹಿಡಿದು ಕರೆದಳು. ಕಾಕೂ ಬಂದು ಎದುರು ಕೂತಳು. ಆಯಿ ಅವಳ ಕೈ ತನ್ನ ತೊಡೆಯ ಮೇಲಿಟ್ಟುಕೊಂಡು, ಬಳೆಗೆ ಸುತ್ತಿದ ಅರಿವೆಯನ್ನು ಮೆಲ್ಲಗೆ ಬಿಚ್ಚಿದಳು. ಅಷ್ಟು ದಿನಗಳ ಮೇಲೆ ಆ ಬಳೆಗಳು ಒಮ್ಮೆ ಸಪ್ಪಳ ಮಾಡಿದವು.

"ನಾ ಯಾರ ಮಾತೂ ನಂಬಲಿಲ್ಲವ್ವಾ," ಎಂದಳು. "ಅವನೇ ಬಂದು ಹೇಳಿದ ಮ್ಯಾಲ ಕಾಗಿ ಮುಟ್ಟೇದಂತ ಹೆಂಗ ಅನ್ನಲಿ?"

ಆಮೇಲೆ ಅತ್ತಳು. ಟಾಕೀಜಿನ ಅಳುವಲ್ಲ. ಹುಟ್ಟಿದಂದಿನಿಂದ ಹೋದ ದಿನದವರೆಗೆ ಮಗನ ಒಂದೊಂದು ಸಂಗತಿ ಎತ್ತಿ ಹಾಡಿ ಹಾಡಿ ಅತ್ತಳು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ದೊಡ್ಡಪ್ಪನಿಗೆ ಹೇಳಿ ಕಳಿಸಿದರು. ಕಾಕಾನ ದಿನಕರ್ಮವೂ ಆಯಿತು. ಮುಂದೆ ಆಯಿ ಬದುಕಿರುವವರೆಗೆ ಕುದುರಿ ಪಿಚ್ಚರಿಗೆ ಬರಲಿಲ್ಲ. ಕರೆದರೆ, "ಇನ್ನೇನದ ಅಲ್ಲಿ," ಎನ್ನುತ್ತಿದ್ದಳು.

ನಾನು ವಿದ್ಯಾವಂತ. ವಿವರಣೆ ನನ್ನಲ್ಲಿ ಇದೆ. ಮುದುಕಿ, ಬಿಸಿಲು, ಆ ಸಿನಿಮಾ, ನಾನೇ ಹೇಳಿದ ನೀರಿನ ಮಾತು, ಎಲ್ಲ ಸೇರಿ ಅವಳ ಕಣ್ಣಿಗೆ ಮಗನನ್ನು ತಂದವು. ಚರಿಗೆಯನ್ನು ಅವಳೇ ಬೋರಲು ಹಾಕಿರಬೇಕು. ಇದನ್ನು ಬಹಳ ವರ್ಷ ನಾನೇ ನನಗೆ ಹೇಳಿಕೊಂಡು, ಸರಿಯಾಗಿದೆ ಎಂದು ಒಪ್ಪಿಕೊಂಡಿದ್ದೆ.

ನೌಕರಿ ಸೇರಿದ ಮೇಲೆ ಒಮ್ಮೆ ಕಚೇರಿ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದೆ. ಮಧ್ಯಾಹ್ನ ಬಿಸಿಲಿಗೆ ಹೆದರಿ ಹಳೆಯ ಟಾಕೀಜೊಂದನ್ನು ಹೊಕ್ಕೆ. ಕುದುರೆ ಸಿನಿಮಾ. ಸ್ವಲ್ಪ ಹೊತ್ತಿಗೆ ಗುರುತು ಸಿಕ್ಕಿತು. ಅದೇ ವಯಸ್ಸಾದ ಮನುಷ್ಯ, ಅದೇ ದೂರದ ಧೂಳು, ಸುಸ್ತಾದ ಕುದುರೆಯ ಜೊತೆ ಅದೇ ನಡಿಗೆ. ಈ ಸಲ ಡಬ್ಬಿಗಳು ಸರಿಯಾದ ಸಾಲಿನಲ್ಲಿದ್ದವು. ಅವನು ಇನ್ನೂ ಸತ್ತಿರಲಿಲ್ಲ. ಮನೆಯ ಮುಂದೆ ನಿಂತ. ಮುದುಕಿ ಬಾಗಿಲಿಗೆ ಬಂದಳು. ಅವನು ನೀರು ಕೇಳಿದ. ನನ್ನ ಭುಜ ಕೋಲಿಗಾಗಿ ಕಾದಿತ್ತು.

ಅವನು ಕುಡಿದ. ತೋಳಿನಿಂದ ತುಟಿ ಒರೆಸಿಕೊಂಡ. ಮಗ್ಗನ್ನು ಕಟ್ಟೆಯ ಮೇಲೆ ಇಟ್ಟ.

ನೆಟ್ಟಗೆ ಇಟ್ಟ.

ಅದು ಆ ಸಿನಿಮಾ ಅಲ್ಲದೆ ಅದರ ಅಣ್ಣತಮ್ಮಂದಿರಲ್ಲಿ ಯಾವುದೋ ಒಂದಿರಬಹುದು, ಹೆಸರಿಲ್ಲದವುಗಳ ಪಾಡೇ ಹಾಗೆ. ಇಲ್ಲವೇ ಶಹಾಬಾದಿನ ಆ ಕತ್ತಲೆಯಲ್ಲಿ ನಾವಿಬ್ಬರೂ ಬೇರೇನನ್ನೋ ನೋಡಿರಬೇಕು. ವಿವರಣೆ ಅಲ್ಲಿಗೆ ನಿಂತಿತು. ಪರದೆಯ ಮೇಲೆ ಅವನು ಕುದುರೆ ಹತ್ತಿ ಗುಡ್ಡದ ಕಡೆ ತಿರುಗಿದ. ಮುಂದಿನದು ಕೊನೆಯ ಡಬ್ಬಿ. ನಾನು ಎದ್ದೆ.

ಟಾಕೀಜಿನ ಬಾಗಿಲ ಬಳಿ, ಬಂದವರಿಗಾಗಿ ಒಂದು ಗಡಿಗೆ ನೀರು ಇಟ್ಟಿದ್ದರು. ಒಳಗೆ ಅವನು ಇನ್ನೂ ಬದುಕಿದ್ದ. ನಾನು ನೀರು ಕುಡಿದು, ಲೋಟದ ಕೊನೆಯ ಹನಿಗಳನ್ನು ಝಾಡಿಸಿ, ಬೋರಲು ಹಾಕಿ, ಬಿಸಿಲಿಗೆ ಇಳಿದೆ.